ನರ್ಸಮ್ಮನ ಕಣ್ಣಿಗೆ ಕಂಡದ್ದು

(ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ನಾನು ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಳಾದವಳು, ವೈದ್ಯ ಓದಿದವಳಲ್ಲ. ಆದರೂ ಇವತ್ತು ನರ್ಸುಗಳ ಬಗ್ಗೆ ಮಾತಾಡುತ್ತೇನೆ. ಏಟು ತಿಂದ ಎಷ್ಟೋ ಹೆಣ್ಣುಮಕ್ಕಳು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವುದಿಲ್ಲ, ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾರೆ. ಅಲ್ಲಿ ಅವರ ಗಾಯ ತೊಳೆದು ಪಟ್ಟಿ ಕಟ್ಟುವವಳು ನರ್ಸಮ್ಮ.

ಡಾಕ್ಟರು ಹೇಳಿದ್ದನ್ನು ಮಾಡುವವಳು ನರ್ಸು ಎಂದಷ್ಟೇ ನಾವು ತಿಳಿದಿದ್ದೇವೆ. ಅಮೆರಿಕದ ನರ್ಸಿಂಗ್ ವಿದ್ವಾಂಸೆ ಪೆಟ್ರೀಷಿಯಾ ಬೆನ್ನರ್ 1984ರ ತಮ್ಮ ಪುಸ್ತಕದಲ್ಲಿ ಬೇರೆಯದನ್ನೇ ತೋರಿಸಿದರು. ಹೊಸದಾಗಿ ಬಂದವಳು ನಿಯಮ ನೋಡಿ ನಡೆಯುತ್ತಾಳೆ. ವರ್ಷಗಟ್ಟಲೆ ರೋಗಿಗಳ ಪಕ್ಕದಲ್ಲಿ ನಿಂತವಳು ‘ಇಲ್ಲೇನೋ ಸರಿಯಿಲ್ಲ’ ಎಂದು ಬೇಗನೆ ಗ್ರಹಿಸುತ್ತಾಳೆ. ಬ್ಯಾರನ್ನಿನಲ್ಲಿ ಹೊಗೆಸೊಪ್ಪು ಹದಕ್ಕೆ ಬಂತೋ ಇಲ್ಲವೋ ಎಂದು ನೀವು ಎಲೆ ಮುಟ್ಟಿ ಹೇಳುವಿರಲ್ಲ, ಅಂಥದೇ ಜ್ಞಾನ ಅದು.

ಜಾರಿ ಬಿದ್ದವಳು ಸಾಮಾನ್ಯವಾಗಿ ಕೈಯೂರುತ್ತಾಳೆ. ಅಂಗೈ, ಮೊಣಕಾಲು ತರಚುತ್ತದೆ. ಏಟಿಗೆ ಕೈ ಅಡ್ಡ ಹಿಡಿದವಳಿಗೆ ಮುಂಗೈಯ ಹೊರಬದಿ ಬಾತಿರುತ್ತದೆ. ‘ಒಲೆಯ ಬೆಂಕಿ ಸೆರಗಿಗೆ ತಗುಲಿತು’ ಎಂದು ಮನೆಯವರು ಹೇಳುತ್ತಾರೆ. ತಲೆಗೂದಲಲ್ಲಿ ಸೀಮೆಎಣ್ಣೆ ವಾಸನೆ ಬರುತ್ತದೆ, ಸುಟ್ಟಗಾಯ ಹೆಗಲಿನಿಂದ ಕೆಳಕ್ಕೆ ಇಳಿದಿರುತ್ತದೆ. ಕತ್ತು ಹಿಸುಕಲ್ಪಟ್ಟವಳ ಮೈಮೇಲೆ ಗುರುತೇ ಇಲ್ಲದಿರಬಹುದು. ದನಿ ಒಡೆದಿರುತ್ತದೆ, ಎಂಜಲು ನುಂಗಲು ಕಷ್ಟ, ಕಣ್ಣಲ್ಲಿ ಸಣ್ಣ ಕೆಂಪು ಚುಕ್ಕಿ. ಅಂಥವಳಿಗೆ ಒಂದೆರಡು ದಿನ ಕಳೆದ ಮೇಲೂ ಪ್ರಾಣಾಪಾಯ ಬರಬಹುದು. ‘ಏನೂ ಆಗಿಲ್ಲ’ ಎಂದು ಅವಳನ್ನು ಮನೆಗೆ ಕಳಿಸಬಾರದು.

ಇವು ಯಾವುವೂ ತೀರ್ಪಲ್ಲ. ಒಂದು ಗುರುತು ಕಂಡ ಮಾತ್ರಕ್ಕೆ ಗಂಡನನ್ನೋ ಅತ್ತೆಯನ್ನೋ ಅಪರಾಧಿ ಎನ್ನಲಾಗದು. ಹೇಳಿದ ಕಥೆಗೂ ಕಂಡ ಗಾಯಕ್ಕೂ ತಾಳೆಯಾಗದಿದ್ದರೆ ಡಾಕ್ಟರಿಗೆ ತಿಳಿಸಬೇಕು. ಕಂಡದ್ದನ್ನು ಕಂಡಂತೆ, ಆಕೆ ಹೇಳಿದ್ದನ್ನು ಆಕೆಯ ಮಾತಿನಲ್ಲೇ ಬರೆದಿಡಬೇಕು. ಅದಕ್ಕೂ ಮೊದಲು, ಜೊತೆಗೆ ಬಂದವರ ಕೈಗೆ ಔಷಧಿ ಚೀಟಿ ಕೊಟ್ಟು ಹೊರಗೆ ಕಳಿಸಿ ‘ಏನಾಯ್ತಮ್ಮ?’ ಎಂದು ಆಕೆಯೊಬ್ಬಳನ್ನೇ ಕೇಳಬೇಕು. ಅತ್ತೆ ಪಕ್ಕದಲ್ಲಿ ನಿಂತಿರುವಾಗ ಯಾವ ಸೊಸೆ ಬಾಯಿ ಬಿಟ್ಟಾಳು?

ಮೊದಲ ದಿನವೇ ಕಾಗದದಲ್ಲಿ ‘ಸ್ಟವ್ ಸಿಡಿಯಿತು’ ಎಂದು ಬಿದ್ದರೆ ಆಮೇಲೆ ಅದನ್ನು ತಿದ್ದುವುದು ಕಷ್ಟ. ಅಡುಗೆಮನೆಯ ಅಪಘಾತವೆಂದು ಹೀಗೆ ಮುಚ್ಚಿಹೋಗುತ್ತಿದ್ದ ಸಾವುಗಳನ್ನು 1990ರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆ ಪ್ರಶ್ನಿಸಿತು.

ಕಾನೂನೂ ಈಗ ನಮ್ಮ ಪರವಾಗಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಮತ್ತು ಅದರ 2006ರ ನಿಯಮಗಳ ಪ್ರಕಾರ, ದೂರು ದಾಖಲಾಗಿಲ್ಲವೆಂದು ಆಸ್ಪತ್ರೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ಹಿಂಸೆಯ ವರದಿ ಆಗಿರದಿದ್ದರೆ ಆಸ್ಪತ್ರೆಯೇ ಅದನ್ನು ಬರೆದು ಸಂರಕ್ಷಣಾಧಿಕಾರಿಗೆ ಕಳಿಸಬೇಕು. ವೈದ್ಯಕೀಯ ವರದಿಯ ಪ್ರತಿಯನ್ನು ಆಕೆಗೆ ಉಚಿತವಾಗಿ ಕೊಡಬೇಕು. ಇದನ್ನು ಕೇಳಿ ಪಡೆಯಿರಿ.

ಇನ್ನು ನಮ್ಮ ಪಾಲಿನ ಕೆಲಸ. ಬೆಂಕಿ ತಗುಲಿದರೆ ಆರಿಸಿ, ಸುಟ್ಟ ಜಾಗಕ್ಕೆ 20 ನಿಮಿಷ ತಣ್ಣೀರು ಹರಿಸಿ. ಬಾವು ಬರುವ ಮೊದಲೇ ಬಳೆ, ಉಂಗುರ ತೆಗೆಯಿರಿ. ಶುಭ್ರ ಬಟ್ಟೆ ಹೊದಿಸಿ. ಶಾಯಿ, ಪೇಸ್ಟ್ ಹಚ್ಚಬೇಡಿ. 108ಕ್ಕೆ ಫೋನ್ ಮಾಡಿ. ಮಹಿಳಾ ಸಹಾಯವಾಣಿ 181, ಪೊಲೀಸರಿಗೆ 112.

ಹೆಚ್ಚು ಸುಟ್ಟವರನ್ನು ಮೈಸೂರಿನ ದೊಡ್ಡಾಸ್ಪತ್ರೆಗೆ ಸಾಗಿಸಬೇಕಾಗುತ್ತದೆ. ಹುಣಸೂರಿನಿಂದಲೇ ಸುಮಾರು 45 ಕಿಲೋಮೀಟರ್, ಕೋಟೆಯ ಕಾಡಂಚಿನ ಹಳ್ಳಿಗಳಿಂದ ಇನ್ನೂ ದೂರ. ‘ಮಕ್ಕಳ ಮುಖ ನೋಡು, ಜಾರಿ ಬಿದ್ದೆ ಅಂತ ಹೇಳು’ ಎಂದು ಬಾಯಿಪಾಠ ಮಾಡಿಸುವುದು ಆ ದಾರಿಯಲ್ಲೇ. ಆದ್ದರಿಂದ ಸಂಘದ ಒಬ್ಬಳಾದರೂ ಆಕೆಯ ಜೊತೆ ಹೋಗಲಿ. ಹೋದವಳು ತಾನೂ ಏನನ್ನೂ ಹೇಳಿಕೊಡಬಾರದು. ತಾನು ಕಂಡದ್ದನ್ನು ನರ್ಸಮ್ಮನ ಕಿವಿಗೆ ಹಾಕಿ, ‘ಇವಳ ಹತ್ತಿರ ಒಬ್ಬರೇ ಮಾತಾಡಿ, ಸಿಸ್ಟರ್’ ಎಂದು ಕೇಳಿ, ಬಾಗಿಲ ಹೊರಗೆ ಕಾದಿದ್ದರೆ ಸಾಕು.

ಮುಂದಿನ ವಾರದ ಉಳಿತಾಯದ ಸಭೆಯಲ್ಲಿ ಸಾಲದ ಲೆಕ್ಕದ ಜೊತೆಗೆ ಇದನ್ನೂ ತೀರ್ಮಾನಿಸಿ: ನಿಮ್ಮ ಊರಿನಲ್ಲಿ ಅಂಥ ರಾತ್ರಿ ಬಂದರೆ ಜೊತೆಗೆ ಹೋಗುವವರು ಯಾರು?