ಆಹಾರ ಬಿಟ್ಟ ಗೋಸುಂಬೆ

ಗೋಸುಂಬೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸು ಪ್ರಾಣಿಯ ಕಡೆಗೆ ಹೋಗುವುದಿಲ್ಲ. ಗಳಿಗೆಗೊಂದು ಮಾತನಾಡುವ ಮನುಷ್ಯನ ಕಡೆಗೆ ಹೋಗುತ್ತದೆ. ಬಯಲುಸೀಮೆಯ ಬೇಲಿಸಾಲಿನಲ್ಲಿ ಹುಳುಹುಪ್ಪಟೆ ತಿಂದು ಬದುಕುವ ಈ ಸಾಧುಜೀವಿಗೆ ನಮ್ಮ ಭಾಷೆ ಮಾಡಿದ ಅನ್ಯಾಯವಿದು. ವಿಷಜಂತುವೆಂದು ಕಲ್ಲೆಸೆಯುವವರೂ ಉಂಟು. ಅದಕ್ಕೆ ವಿಷವಿಲ್ಲ. ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆ ಹಾರುವ ಓತಿಯ ನೆನಪಾದೀತು. ಅದು ಬೇರೆ, ಕಲ್ಲಿನ ಮೇಲೆ ತಲೆದೂಗುವ ಓತಿಕ್ಯಾತ ಬೇರೆ, ಇದು ಬೇರೆ. ಎರಡು ಕಣ್ಣುಗಳನ್ನು ಎರಡು ದಿಕ್ಕಿಗೆ ತಿರುಗಿಸಬಲ್ಲ, ಇಕ್ಕಳದಂಥ ಪಾದಗಳಿಂದ ಕೊಂಬೆಯನ್ನು ಹಿಡಿದು ನಡೆಯುವ ಪ್ರಾಣಿ ಇದು. 1768ರಲ್ಲಿ ಲಾರೆಂಟಿ ಎಂಬ ವಿದ್ವಾಂಸನು ನಮ್ಮ ದೇಶದ ಈ ಗೋಸುಂಬೆಗೆ ಶಾಸ್ತ್ರೀಯ ಹೆಸರನ್ನಿಟ್ಟನು.

ಹರಕೆ ಹೊತ್ತ ಭಕ್ತರು ಕೊಳದ ಮುಂದೆ ಪ್ರಸಾದಕ್ಕಾಗಿ ಕಾಯುವ ಕ್ಷೇತ್ರ, ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರ. ಅಲ್ಲಿಯ ಪರಿಚಿತರೊಬ್ಬರ ಮನೆಯಲ್ಲಿ, ಮಳೆಗಾಲ ಹಿಂದೆಗೆಯುತ್ತಿದ್ದ ದಿನಗಳಲ್ಲಿ, ಮಕ್ಕಳು ಹಿಡಿದು ತಂದ ಹೆಣ್ಣು ಗೋಸುಂಬೆಯೊಂದನ್ನು ನೋಡಿದೆ. ಸಿಮೆಂಟಿನ ಜಗುಲಿಯ ಮೇಲೆ ಬುಟ್ಟಿ ಕವುಚಿ ಅದನ್ನು ಸಾಕಿದ್ದರು. ಮೊದಲೆರಡು ದಿನ ಮಿಡತೆ ತಿಂದದ್ದು ಆಮೇಲೆ ಬಾಯಿ ತೆರೆಯಲಿಲ್ಲವಂತೆ. ಬಟ್ಟಲಿನ ನೀರನ್ನೂ ಮುಟ್ಟಲಿಲ್ಲ.

“ಅಜ್ಜೀ, ಇದಕ್ಕೆ ಜ್ವರ ಬಂದೈತೇನು?” ಎಂದು ಮೊಮ್ಮಗ ಕೇಳಿದ.

“ಜ್ವರ ಅಲ್ಲ ಕಣೋ, ಹೊಟ್ಟೆ ನೋಡು. ನೆಲ ಕೆರೀತೈತೆ. ತುಂಬಿದ ಬಸುರಿ ಅದು” ಎಂದರು ಅಜ್ಜಿ.

ಪಶುವೈದ್ಯರು ಹೇಳುವುದೂ ಇದನ್ನೇ. ಗೋಸುಂಬೆ ಆಹಾರ ಬಿಡುವುದಕ್ಕೆ ಕಾರಣಗಳು ಹಲವು. ಸೆರೆಯ ಭಯವೊಂದು. ಬಿಸಿಲು ಕಾಣದ ಮೂಲೆಯಲ್ಲಿ ಮೈ ತಣ್ಣಗಾದರೆ ಅದಕ್ಕೆ ತಿಂದದ್ದು ಜೀರ್ಣವಾಗದು. ನಿಂತ ನೀರನ್ನು ನೀರೆಂದು ಅದು ಅರಿಯುವುದೇ ಅಪರೂಪ. ಎಲೆಯ ಮೇಲಿನ ಹನಿಗಳನ್ನು ಕುಡಿಯುವುದು ಅದರ ರೂಢಿ. ಕಣ್ಣು ಗುಳಿಬಿದ್ದರೆ ಬಾಯಾರಿದೆ ಎಂದು ತಿಳಿಯಬಹುದು. ಆದರೆ ಗರ್ಭ ತುಂಬಿದ ಹೆಣ್ಣಿನ ಉಪವಾಸ ರೋಗವಲ್ಲ. ಹತ್ತರಿಂದ ಮೂವತ್ತರವರೆಗೆ ಮೊಟ್ಟೆಗಳು ಒಡಲನ್ನು ತುಂಬಿರುವಾಗ ಅನ್ನಕ್ಕೆ ಎಡೆಯೆಲ್ಲಿ? ಆಗ ಅದು ಮರದಿಂದ ಇಳಿದು ಮೆದುಮಣ್ಣನ್ನು ಅರಸುತ್ತದೆ. ಗುಂಡಿ ತೋಡಲು ನೆಲ ಸಿಗದಿದ್ದರೆ ಮೊಟ್ಟೆಗಳು ಒಳಗೇ ಉಳಿದು ತಾಯಿ ಸಾಯುವುದುಂಟು. ಬಾಯಿ ಬಿಡಿಸಿ ತುರುಕುವ ಆರೈಕೆ ಇಲ್ಲಿ ಹಿಂಸೆಯೇ ಸರಿ. ಬೇಕಾದದ್ದು ಮಣ್ಣು, ಮರೆ, ಏಕಾಂತ.

ಅಂದೇ ಸಂಜೆ ಅದನ್ನು ಹಿಡಿದಿದ್ದ ಬೇಲಿಯ ಬುಡಕ್ಕೇ ಬಿಟ್ಟರು. ಮಕ್ಕಳು ದೂರದಲ್ಲಿ ನಿಂತು ನೋಡಬಹುದೆಂದು ಅಜ್ಜಿಯ ಅಪ್ಪಣೆಯಾಯಿತು. ಮರುದಿನ ಅಲ್ಲಿ ಹೊಸದಾಗಿ ಮುಚ್ಚಿದ ಮಣ್ಣು ಕಂಡಿತು. ಕೋಳಿಗಳು ಕೆದಕದಿರಲೆಂದು ಅಜ್ಜಿ ಮುಳ್ಳು ಹಾಕಿಸಿದರು. ತಾಯಿ ಕಾವು ಕೊಡುವುದಿಲ್ಲ; ಗುಂಡಿ ಮುಚ್ಚಿ ಹೊರಟುಹೋಗುತ್ತದೆ. ತಿಂಗಳುಗಟ್ಟಲೆ ಮೊಟ್ಟೆಗಳನ್ನು ಕಾಯುವುದು ಮಣ್ಣಿನ ಬಿಸುಪೇ.

ಬಣ್ಣದ ವಿಚಾರವನ್ನೂ ಹೇಳಿಬಿಡುತ್ತೇನೆ. ಕುಳಿತ ಜಾಗದ ಬಣ್ಣವನ್ನು ಅದು ನಕಲು ಮಾಡುತ್ತದೆಂಬುದು ಬಹುಮಟ್ಟಿಗೆ ಕಟ್ಟುಕಥೆ. ಬಿಸಿಲು, ಚಳಿ, ಸಿಟ್ಟು, ಅಂಜಿಕೆಗಳು ಅದರ ಚರ್ಮದಲ್ಲಿ ಮೂಡುತ್ತವೆ. ಚರ್ಮದ ಕಣಗಳೊಳಗಿನ ಸೂಕ್ಷ್ಮ ಹರಳುಗಳ ನಡುವಣ ಅಂತರ ಬದಲಾದಂತೆ ಬಣ್ಣ ಬದಲಾಗುವುದನ್ನು ಜಿನೀವಾದ ವಿಜ್ಞಾನಿಗಳು 2015ರಲ್ಲಿ ಮಡಗಾಸ್ಕರಿನ ಗೋಸುಂಬೆಯೊಂದರಲ್ಲಿ ತೋರಿಸಿಕೊಟ್ಟರು. ಮನಸ್ಸಿನಲ್ಲಿದ್ದುದನ್ನು ಮೈಮೇಲೆ ತೋರುವ ಪ್ರಾಣಿಯನ್ನು ಕಪಟಕ್ಕೆ ಉಪಮೆಯಾಗಿಸಿದ್ದು ವಿಚಿತ್ರವೇ.

ಇದು ಸಾಕುಪ್ರಾಣಿಯೂ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಇದಕ್ಕಿದೆ, ಹಿಡಿದಿಡುವುದು ಅಪರಾಧ. ಗಾಯಗೊಂಡದ್ದು ಸಿಕ್ಕರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಮಳೆ ಮುಗಿಯುವ ಕಾಲದಲ್ಲಿ ತೂಗಾಡುತ್ತ ರಸ್ತೆ ದಾಟುವ ಗೋಸುಂಬೆ ಎಷ್ಟೋ ಸಲ ಮಣ್ಣನ್ನರಸಿ ಹೊರಟ ಬಸುರಿಯಾಗಿರುತ್ತದೆ. ಅದರ ನಡಿಗೆ ವಾಹನಕ್ಕೆ ತಪ್ಪಿಸಿಕೊಳ್ಳುವಂಥದಲ್ಲ. ಒಂದು ಕಡ್ಡಿಯನ್ನು ಮುಂದೊಡ್ಡಿದರೆ ಹಿಡಿದುಕೊಳ್ಳುತ್ತದೆ. ಅದು ಮುಖ ಮಾಡಿದ್ದ ಕಡೆಯ ಬೇಲಿಗೇ ಬಿಡಿ.