ಸ್ಟೀರಾಯ್ಡ್ ಗುಳಿಗೆ ದಿಢೀರ್ ಬಿಡಬ್ಯಾಡ್ರಿ: ನಾಯಿಯ ಅಡ್ರಿನಲ್ ಗ್ರಂಥಿಯ ಕಥೆ

 

ಹೋದ ವಾರ ಒಬ್ಬ ಕೇಳುಗರು ಮೆಸೇಜ್ ಹಾಕಿದ್ದರು: "ಫೆರೆಟ್ ಸಾಕಬೇಕಂತ ಆಸೆ. ಅದಕ್ಕೆ ಅಡ್ರಿನಲ್ ಕಾಯಿಲೆ ಬರ್ತದಂತ, ಖರೇನಾ?" ಖರೆ. ಫೆರೆಟ್‌ಗಳಲ್ಲಿ ಈ ಗ್ರಂಥಿ ಅತಿಯಾಗಿ ಕೆಲಸ ಮಾಡಿ ಬಾಲದ ಕಡೆಯಿಂದ ಕೂದಲು ಉದುರುತ್ತದೆ. ಆಪರೇಷನ್ ಮಾಡಿ ಗ್ರಂಥಿ ತೆಗೆದರೆ ಆಮೇಲೆ ಹಾರ್ಮೋನ್ ಕೊರತೆಯೂ ಆಗಬಹುದು. ಆದರೆ ಬೆಳಗಾವಿಯಲ್ಲಿ ನಾನು ಫೆರೆಟ್ ನೋಡಿಲ್ಲ. ನಮ್ಮ ಮನೆಗಳಲ್ಲಿ ಇರೋದು ನಾಯಿ. ನಾಯಿಗೂ ಈ ಕೊರತೆ ಬರುತ್ತದೆ, ಕೆಲವೊಮ್ಮೆ ನಮ್ಮ ಕೈಯಿಂದಲೇ.

ಖಾನಾಪುರದಲ್ಲಿ ನಮ್ಮ ಕಾಕಾ ಇದ್ದಾರೆ. ಅವರ ನಾಯಿ ರಾಜಾ. ಖಾನಾಪುರದ ಮಳೆ ನಿಮಗೆ ಗೊತ್ತಲ್ಲ, ತಿಂಗಳುಗಟ್ಟಲೆ ಅಂಗಳ ಒಣಗೋದೇ ಇಲ್ಲ. ರಾಜಾನ ಮೈಗೆ ತುರಿಕೆ ಹತ್ತಿತು. ಡಾಕ್ಟರ್ ಪ್ರೆಡ್ನಿಸೊಲೋನ್ ಗುಳಿಗೆ ಕೊಟ್ಟರು. ಎರಡು ತಿಂಗಳು ನಡೀತು, ತುರಿಕೆ ಹೋಯ್ತು. ಕಾಕಾ ಫೋನ್ ಮಾಡಿ, "ತಮ್ಮಾ, ಸ್ಟ್ರಿಪ್ ಮುಗೀತು, ಮತ್ತ ತರಲೇನು?" ಅಂದರು. ನಾನು ಮೊಬೈಲಿನಲ್ಲಿ ಅರ್ಧಂಬರ್ಧ ಓದಿದವ. "ಸ್ಟೀರಾಯ್ಡ್ ಚಲೋ ಅಲ್ಲ ಕಾಕಾ, ಬಿಟ್ಟುಬಿಡ್ರಿ" ಅಂದೆ. ಚೀಟಿಯಲ್ಲಿ 'ನಿಧಾನಕ್ಕೆ ಕಡಿಮೆ ಮಾಡಿ' ಅಂತ ಬರೆದಿತ್ತು. ನಾನು ಕೇಳಲೇ ಇಲ್ಲ.

ಕೆಲವೇ ದಿನಕ್ಕೆ ರಾಜಾ ಅನ್ನ ಬಿಟ್ಟ. ವಾಂತಿ, ನಡುಕ, ಹಿಂಗಾಲಲ್ಲಿ ಶಕ್ತಿನೇ ಇಲ್ಲ. ಕಾರಿನಲ್ಲಿ ಹಾಕ್ಕೊಂಡು ಬೆಳಗಾವಿಗೆ ತಂದೆವು. ಡಾಕ್ಟರ್ ಸಾಹೇಬ್ರ ಮೊದಲ ಪ್ರಶ್ನೆ: "ಯಾವ ಗುಳಿಗೆ ನಡೀತಿತ್ತು? ಯಾವಾಗ ಬಿಟ್ರಿ?" ಆ ಪ್ರಶ್ನೆಯೇ ರಾಜಾನನ್ನ ಉಳಿಸಿತು. ಸಲೈನ್ ಹಚ್ಚಿ, ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಸಂಜೆಗೆ ಬಾಲ ಅಲ್ಲಾಡಿತು.

ಆಗಿದ್ದೇನು? ಕಿಡ್ನಿ ಹತ್ತಿರ ಎರಡು ಪುಟ್ಟ ಅಡ್ರಿನಲ್ ಗ್ರಂಥಿಗಳಿವೆ. ಕಾರ್ಟಿಸಾಲ್ ಅನ್ನೋ ಹಾರ್ಮೋನ್ ಮಾಡೋ ಕಾರ್ಖಾನೆ ಅದು. ಹೊರಗಿಂದ ಗುಳಿಗೆ ರೂಪದಲ್ಲಿ ಸಿದ್ಧ ಮಾಲು ಬರ್ತಾ ಇದ್ದರೆ, ಮಿದುಳು ಕಾರ್ಖಾನೆಗೆ ಆರ್ಡರ್ ಕೊಡೋದು ನಿಲ್ಲಿಸುತ್ತದೆ. ಮಾಲು ದಿಢೀರ್ ನಿಂತರೆ? ಬಂದ್ ಆದ ಕಾರ್ಖಾನೆ ಒಂದೇ ದಿನಕ್ಕೆ ಶುರುವಾಗಲ್ಲ. ಅದಕ್ಕೇ ಡೋಸ್ ಹಂತ ಹಂತವಾಗಿ ಇಳಿಸಬೇಕು.

ಗುಳಿಗೆ ತಗೊಳ್ಳದ ನಾಯಿಗೂ ಕೊರತೆ ಬರಬಹುದು. ಅದು ಅಡಿಸನ್ ಕಾಯಿಲೆ. ಮನುಷ್ಯರಲ್ಲಿ ಇದನ್ನ 1855ರಲ್ಲಿ ಲಂಡನ್ನಿನ ವೈದ್ಯ ಥಾಮಸ್ ಅಡಿಸನ್ ವಿವರಿಸಿದರು. ಹೆಚ್ಚಾಗಿ ದೇಹದ ರೋಗನಿರೋಧಕ ಶಕ್ತಿಯೇ ಗ್ರಂಥಿಯನ್ನ ಹಾಳುಮಾಡುತ್ತದೆ. ಚಿಕ್ಕ, ನಡುವಯಸ್ಸಿನ ಹೆಣ್ಣು ನಾಯಿಗಳಲ್ಲಿ ಜಾಸ್ತಿ. ಸಾಮಾನ್ಯವಾಗಿ ರಕ್ತದಲ್ಲಿ ಸೋಡಿಯಂ ಇಳಿದು ಪೊಟ್ಯಾಸಿಯಂ ಏರುತ್ತದೆ, ಹೃದಯದ ಬಡಿತ ನಿಧಾನವಾಗಬಹುದು.

ಇದರ ಗುರುತು ಒಂದೇ ಮಾತಲ್ಲಿ: ಬಂದು ಹೋಗುತ್ತದೆ. ಸುಸ್ತು, ವಾಂತಿ, ಭೇದಿ. ಸಲೈನ್ ಹಾಕಿದರೆ ಆರಾಮ, ವಾರ ಬಿಟ್ಟು ಮತ್ತೆ ಅದೇ. ಕ್ರಿಯಾಟಿನಿನ್ ಕೂಡ ಏರೋದರಿಂದ 'ಕಿಡ್ನಿ ಹೋಯ್ತು' ಅಂತ ಮನೆಯವರು ಕೈಬಿಡೋ ಅಪಾಯ ಇದೆ. ಕೈಬಿಡೋ ಮೊದಲು ಕೇಳಿ: "ಸಾಹೇಬ್ರ, ಸೋಡಿಯಂ, ಪೊಟ್ಯಾಸಿಯಂ, ಕಾರ್ಟಿಸಾಲ್ ನೋಡೋಣೇನ್ರಿ?" ಖಚಿತ ಮಾಡೋದು ಎಸಿಟಿಎಚ್ ಟೆಸ್ಟ್: ಇಂಜೆಕ್ಷನ್‌ಗೆ ಮೊದಲು ಮತ್ತು ಒಂದು ಗಂಟೆ ಆದ ಮೇಲೆ ರಕ್ತ ತೆಗೀತಾರೆ. ಕಾಯಿಲೆ ಇದ್ದರೆ ಪ್ರೆಡ್ನಿಸೊಲೋನ್, ಫ್ಲೂಡ್ರೊಕಾರ್ಟಿಸೋನ್ ಥರದ ಗುಳಿಗೆ ಜೀವನಪೂರ್ತಿ ಬೇಕು. ಆದರೆ ಆ ಜೀವನ ಪೂರ್ತಿ ಆಯಸ್ಸಿನದ್ದೇ ಆಗಬಹುದು.

ಇಂಥ ನಾಯಿಗೆ ಗಾಬರಿಯ ದಿನ ಹೆಚ್ಚು ಕಾರ್ಟಿಸಾಲ್ ಬೇಕು. ಗಣಪತಿ ಮೆರವಣಿಗೆಯ ಡಿಜೆ, ದೀಪಾವಳಿ ಪಟಾಕಿ, ದೂರದ ಪ್ರಯಾಣ. ಮೊದಲೇ ಡಾಕ್ಟರಿಗೆ ಫೋನ್ ಮಾಡಿ ಆ ದಿನದ ಡೋಸ್ ಕೇಳಿಕೊಳ್ಳಿ. ನೀವೇ ಏರಿಸಬ್ಯಾಡ್ರಿ, ನೀವೇ ಇಳಿಸಬ್ಯಾಡ್ರಿ.

ಇವತ್ತು ಒಂದು ಕೆಲಸ ಮಾಡಿ. ನಿಮ್ಮ ನಾಯಿಯ ಗುಳಿಗೆ ಸ್ಟ್ರಿಪ್, ಡಾಕ್ಟರ್ ಚೀಟಿ, ಎರಡರದ್ದೂ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ರಾಜಾನ ಡೋಸ್ ಆಮೇಲೆ ವಾರಗಟ್ಟಲೆ ಇಳಿಸ್ತಾ ಬಂದೆವು. ಈಗ ಕಾಕಾ ನನಗೆ ಫೋನ್ ಮಾಡಲ್ಲ, ಸೀದಾ ಡಾಕ್ಟರಿಗೇ ಮಾಡ್ತಾರೆ. ಅದೇ ಸರಿ.

ಮುಂದಿನ ವಾರ ಸಿಗೋಣ್ರಿ.