ಉರಿಮೂತ್ರಕ್ಕೆ ನಾಟಿಮದ್ದು



ದೇವರಾಯಸಮುದ್ರದ ಸುತ್ತಣ ಬೆದ್ದಲು ಹೊಲಗಳಲ್ಲಿ ಬರಿಗಾಲಿನಿಂದ ನಡೆದವರಿಗೆ ನೆಗ್ಗಿಲುಮುಳ್ಳಿನ ಪರಿಚಯವುಂಟು. ಕಾಲಿಗೆ ಚುಚ್ಚುವ ಆ ಕಾಯಿಯನ್ನೇ ಜಜ್ಜಿ ಕಷಾಯವಿಳಿಸಿ ಉರಿಮೂತ್ರದಿಂದ ನರಳುವವರಿಗೆ ಕುಡಿಸುವುದು ಹಿರಿಯರ ವಾಡಿಕೆ. ಸಂಸ್ಕೃತದಲ್ಲಿ ಇದಕ್ಕೆ ಗೋಕ್ಷುರವೆಂದು ಹೆಸರು. ಮೂತ್ರವನ್ನು ಸಲೀಸಾಗಿ ಇಳಿಸುವ ಹತ್ತು ಮೂಲಿಕೆಗಳಲ್ಲಿ ಚರಕಸಂಹಿತೆಯು ಇದನ್ನೂ ಎಣಿಸಿದೆ.

ಈ ವಾಡಿಕೆಗೆ ವಿಜ್ಞಾನದ ಬೆಂಬಲವೆಷ್ಟು? ಪ್ರಾಣಿಗಳ ಮೇಲಣ ಪರೀಕ್ಷೆಗಳಲ್ಲಿ ನೆಗ್ಗಿಲಿನ ಸಾರವು ಮೂತ್ರವನ್ನು ಹೆಚ್ಚಿಸಿದೆ; ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಕೆಲವು ರೋಗಾಣುಗಳನ್ನು ತಡೆದಿದೆ. ಆದರೆ ತಟ್ಟೆಯಲ್ಲಿ ಅಡಗಿದ ಅಣುವು ಮೂತ್ರಕೋಶದಲ್ಲಿಯೂ ಅಡಗುವುದೆಂಬ ನಿಯಮವಿಲ್ಲ.

ಶ್ರೀಗಂಧದ ಎಣ್ಣೆಯ ವೃತ್ತಾಂತವು ಈ ಮಾತನ್ನು ಇನ್ನೂ ಚೆನ್ನಾಗಿ ತಿಳಿಸುತ್ತದೆ. ಮೊದಲನೆಯ ಮಹಾಯುದ್ಧದಿಂದ ಗಂಧದ ಮರವು ಜರ್ಮನಿಗೆ ಹೋಗುವುದು ನಿಂತಾಗ, ಮೈಸೂರು ಸಂಸ್ಥಾನವು 1916ರಲ್ಲಿ ಬೆಂಗಳೂರಿನಲ್ಲಿಯೂ 1917ರಲ್ಲಿ ಮೈಸೂರಿನಲ್ಲಿಯೂ ಎಣ್ಣೆಯ ಕಾರ್ಖಾನೆಗಳನ್ನು ತೆರೆಯಿತು. ಆ ಎಣ್ಣೆ ಬರಿಯ ಪರಿಮಳದ್ರವ್ಯವಾಗಿರಲಿಲ್ಲ. ಮೂತ್ರಕೋಶದ ಉರಿಗೂ, ಗನೋರಿಯಾ ಎಂಬ ಮೇಹರೋಗಕ್ಕೂ ಪಾಶ್ಚಾತ್ಯ ವೈದ್ಯರೇ ಅದನ್ನು ಕೊಡುತ್ತಿದ್ದರು. ಬ್ರಿಟಿಷ್ ಔಷಧಕೋಶದಲ್ಲಿಯೂ ಅದಕ್ಕೆ ಸ್ಥಾನವಿದ್ದಿತು. 1930ರ ದಶಕದಲ್ಲಿ ಸಲ್ಫಾ ಮದ್ದುಗಳೂ, 1940ರ ದಶಕದಲ್ಲಿ ಪೆನಿಸಿಲಿನ್ನೂ ಬಂದ ಮೇಲೆ ಆ ಉಪಯೋಗವು ಹಿಂದೆ ಸರಿಯಿತು. ಎಣ್ಣೆಯು ಉರಿಯನ್ನು ತಣಿಸುತ್ತಿದ್ದಿತೇ ಹೊರತು ರೋಗಬೀಜವನ್ನು ಕೀಳುತ್ತಿರಲಿಲ್ಲ. ಉರಿ ತಣಿದವನು ತಾನು ಗುಣವಾದೆನೆಂದು ಬಗೆದು ಕೈಹಿಡಿದವಳಿಗೂ ರೋಗವನ್ನು ಅಂಟಿಸಬಹುದಾಗಿದ್ದಿತು.

ಮಾತೆಯರು ಇದನ್ನು ವಿಶೇಷವಾಗಿ ಕೇಳಬೇಕು. ಸ್ತ್ರೀಯರ ಮೂತ್ರನಾಳವು ಗಿಡ್ಡವಾದುದರಿಂದ ಇ. ಕೊಲೈ ಎಂಬ ಕರುಳಿನ ಅಣುವು ಮೂತ್ರಕೋಶವನ್ನು ಸುಲಭವಾಗಿ ಸೇರುತ್ತದೆ. ಇದು ನಡತೆಯ ದೋಷವಲ್ಲ, ದೇಹದ ರಚನೆ. ಆದರೂ ನಾಚಿಕೆಯಿಂದ ಎಷ್ಟೋ ಮಂದಿ ಗಂಡನಿಗೂ ಅತ್ತೆಗೂ ಹೇಳದೆ ಕಷಾಯದಲ್ಲಿಯೇ ದಿನ ನೂಕುತ್ತಾರೆ. ಅಷ್ಟರಲ್ಲಿ ರೋಗವು ಮೂತ್ರಪಿಂಡಕ್ಕೆ ಏರಬಹುದು. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೂ ಒಬ್ಬನಿದ್ದನೆಂಬುದನ್ನು ಮರೆಯಲಾಗದು. ರೋಗವನ್ನು ವೈದ್ಯನೆದುರು ಬಿಚ್ಚಿ ಹೇಳುವುದು ಭಕ್ತಿಗೆ ಕುಂದಲ್ಲ.

ಬಾರ್ಲಿ ಗಂಜಿ, ಬಾಳೆದಿಂಡಿನ ಪಲ್ಯ, ಸಾಕಷ್ಟು ನೀರು, ಇವಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಮೂತ್ರಪಿಂಡದ ಬೇನೆಯಿದ್ದವರು ಮಾತ್ರ ವೈದ್ಯರನ್ನು ಕೇಳಿ ಅಳತೆಯರಿತು ಕುಡಿಯಬೇಕು. ಗಂಧದೆಣ್ಣೆಯನ್ನು ತಾವಾಗಿಯೇ ಹೊಟ್ಟೆಗೆ ತೆಗೆದುಕೊಳ್ಳಬಾರದು. ಗರ್ಭಿಣಿಯರಿಗೆ ನೆಗ್ಗಿಲಿನ ಕಷಾಯ ಬೇಡ. ಅವರಿಗೆ ಉರಿ ಕಂಡೊಡನೆ ಮೂತ್ರಪರೀಕ್ಷೆಯಾಗಬೇಕು. ಚಳಿಜ್ವರ, ಪಕ್ಕೆನೋವು, ಮೂತ್ರದಲ್ಲಿ ರಕ್ತ, ಇವುಗಳಲ್ಲಿ ಒಂದು ಕಂಡರೂ ಕಷಾಯದ ಪಾತ್ರೆಯನ್ನು ಒಲೆಯ ಮೇಲಿಂದ ಇಳಿಸಿ, ಅಂದೇ ಆಸ್ಪತ್ರೆಗೆ ಹೊರಡತಕ್ಕದ್ದು.